ಕುದುರೆಯ ಕಾಲಿಗೆ ಐಸ್ ಬೂಟ್: ನಾಲ್ಕು ತಿಂಗಳ ಬಳಕೆಯ ನಂತರ

ವಿಜಯಪುರದಲ್ಲಿ ಟಾಂಗಾ ನಡೆಸುವ ನಮ್ಮ ಮನೆಯಲ್ಲಿ ಈಗ ಉಳಿದಿರುವುದು ಒಂಬತ್ತು ವರ್ಷದ ಒಂದೇ ಹೆಣ್ಣುಕುದುರೆ. ಮಾರ್ಚ್ ತಿಂಗಳಲ್ಲಿ ಅದರ ಎಡ ಮುಂಗಾಲಿಗೆ ಪೆಟ್ಟಾದಾಗ ಆನ್‌ಲೈನಿನಲ್ಲಿ ತರಿಸಿದ ಐಸ್ ಬೂಟುಗಳ ಬಗ್ಗೆ, ಅಂದರೆ ಫ್ರೀಜರಿನಲ್ಲಿಟ್ಟು ತೆಗೆದು ಕಾಲಿಗೆ ಸುತ್ತಿ ಕಟ್ಟುವ ಜೆಲ್ ತುಂಬಿದ ಕವಚಗಳ ಬಗ್ಗೆ, ಇಲ್ಲಿ ಬರೆಯುತ್ತಿದ್ದೇನೆ. ಜೋಡಿಗೆ 3,200 ರೂಪಾಯಿ ಕೊಟ್ಟೆ. ಕಾಲನ್ನು ತಂಪು ಮಾಡುವ ಕೆಲಸವನ್ನು ಇವು ಚೆನ್ನಾಗಿಯೇ ಮಾಡುತ್ತವೆ. ಆದರೆ ಡಬ್ಬಿಯ ಮೇಲೆ ಅಚ್ಚು ಹಾಕಿರುವ ಉಳಿದ ಮಾತುಗಳನ್ನು ನಂಬಿ ನಡೆದರೆ ಕುದುರೆ ಕಾಲು ಕಳೆದುಕೊಳ್ಳುತ್ತದೆ.

ಮೊದಲು ಪೆಟ್ಟಿನ ವಿಷಯ. ಗೋಳಗುಮ್ಮಟದಿಂದ ಇಬ್ರಾಹಿಂ ರೋಜಾದವರೆಗೆ ಪ್ರವಾಸಿಗರನ್ನು ಕರೆದೊಯ್ದು ಸಂಜೆ ಮರಳಿದಾಗ ಕುದುರೆ ಕುಂಟುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಮೈ ತಿಕ್ಕುವಾಗ ಗೊರಸಿನ ಮೇಲಿನ ಗಿಣ್ಣಿಗಿಂತ ತುಸು ಮೇಲೆ, ಒಳಮಗ್ಗುಲಲ್ಲಿ, ಹುಣಸೆ ಬೀಜದಷ್ಟು ಬಾವು ಕೈಗೆ ಸಿಕ್ಕಿತು. ಬಲಗಾಲಿನ ಅದೇ ಜಾಗವನ್ನು ಮುಟ್ಟಿ ಹೋಲಿಸಿದಾಗ ಎಡಗಾಲು ಬೆಚ್ಚಗಿರುವುದು ಸ್ಪಷ್ಟವಾಯಿತು. ಕಾಲನ್ನು ಎತ್ತಿ ಹಿಡಿದು ಎರಡು ಬೆರಳುಗಳಿಂದ ಒತ್ತಿದೊಡನೆ ಅದು ಕಾಲನ್ನು ಕಿತ್ತುಕೊಂಡಿತು. ಟಾಂಗಾ ನಿಲ್ದಾಣದಲ್ಲಿ ಇಂಥದ್ದಕ್ಕೆಲ್ಲ ‘ನರಾ ಎಳದೈತಿ’ ಎಂಬ ಒಂದೇ ಹೆಸರು. ಆದರೆ ಎಳೆದದ್ದು ನರವಲ್ಲ, ಅಸ್ಥಿರಜ್ಜು, ಅಂದರೆ ವೈದ್ಯರು ಲಿಗಮೆಂಟ್ ಎನ್ನುವ ಗಟ್ಟಿ ಪಟ್ಟಿ. ಇದು ಮೊಣಕಾಲಿನ ಕೆಳಗಿನ ಉದ್ದನೆಯ ಎಲುಬಿನ ಹಿಂಬದಿಯಲ್ಲಿ ಇಳಿದು, ಗಿಣ್ಣಿನ ಮೇಲೆ ಎರಡಾಗಿ ಕವಲೊಡೆದು, ಅಲ್ಲಿನ ಎರಡು ಪುಟ್ಟ ಎಲುಬುಗಳಿಗೆ ಅಂಟಿಕೊಳ್ಳುತ್ತದೆ. ಪ್ರತಿ ಹೆಜ್ಜೆಯಲ್ಲೂ ಗಿಣ್ಣು ನೆಲಕ್ಕೆ ಕುಸಿಯದಂತೆ ತಡೆಯುವುದೇ ಇದರ ಕೆಲಸ. ಕವಲಿಗೆ ಪೆಟ್ಟಾದರೆ ನಮ್ಮ ಕುದುರೆಗೆ ಆದಂತೆ ಬಾವು ಕಾಣುತ್ತದೆ. ಮೇಲ್ತುದಿಗೆ ಆದರೆ ಹೊರಗೆ ಏನೂ ಕಾಣದೆ, ಮೆತ್ತನೆಯ ನೆಲದಲ್ಲಿ ಸುತ್ತು ಹಾಕಿಸಿದಾಗ ಮಾತ್ರ ಕುಂಟು ಬಯಲಾಗುವುದುಂಟು.

ವೈದ್ಯರು ಸ್ಕ್ಯಾನ್ ಯಂತ್ರವನ್ನು ಲಾಯಕ್ಕೇ ತಂದದ್ದು ಏಳನೆಯ ದಿನ. ಮೊದಲ ದಿನಗಳಲ್ಲಿ ಗಾಯ ಇನ್ನೂ ಹಿಗ್ಗುತ್ತಿರುವುದರಿಂದ ಅವಸರದ ಚಿತ್ರದಲ್ಲಿ ಅದರ ಪೂರ್ತಿ ಅಳತೆ ಸಿಗುವುದಿಲ್ಲ ಎಂದರು. ಕೂದಲು ಬೋಳಿಸಿ, ಜೆಲ್ ಹಚ್ಚಿ ನೋಡಿದಾಗ ಬಿಳಿ ಎಳೆಗಳ ನಡುವೆ ಕಪ್ಪು ಮಚ್ಚೆಯೊಂದು ಕಂಡಿತು. ಹರಿದ ಎಳೆಗಳ ಜಾಗ ಅದು.

ಈ ನಡುವಿನ ದಿನಗಳಲ್ಲಿ ಬೂಟಿನ ಉಪಯೋಗ ನಿಜವಾಗಿಯೂ ಆಯಿತು. ಮೊದಲ ಎರಡು ಮೂರು ದಿನ ದಿನಕ್ಕೆ ನಾಲ್ಕು ಬಾರಿ, ಪ್ರತಿ ಬಾರಿ ಇಪ್ಪತ್ತು ನಿಮಿಷ ತಂಪು ಕೊಡಬೇಕೆಂದು ವೈದ್ಯರು ಫೋನಿನಲ್ಲೇ ಹೇಳಿದ್ದರು. ನಮ್ಮ ಊರಿನ ಬೇಸಿಗೆಯಲ್ಲಿ ಮಾಳಿಗೆಯ ಟ್ಯಾಂಕಿನಿಂದ ಮಧ್ಯಾಹ್ನ ಬರುವುದು ಬಿಸಿನೀರು. ಐಸ್ ತುಂಬಿದ ಬಕೆಟ್ಟನ್ನು ಕುದುರೆ ಒದ್ದು ಉರುಳಿಸಿತು. ಫ್ರೀಜರಿನಲ್ಲಿ ರಾತ್ರಿಯಿಡೀ ಇಟ್ಟ ಬೂಟಿನ ಜೆಲ್ ಮಾತ್ರ ಹೇಳಿದ ಇಪ್ಪತ್ತು ನಿಮಿಷ ತಂಪು ಹಿಡಿದುಕೊಂಡಿತು, ಕುದುರೆಯೂ ಸುಮ್ಮನೆ ನಿಂತಿತು. ಎರಡು ಬೂಟುಗಳನ್ನೂ ಸರದಿಯಂತೆ ಅದೇ ಕಾಲಿಗೆ ಕಟ್ಟಿದ್ದರಿಂದ ಜೋಡಿ ಕೊಂಡದ್ದು ವ್ಯರ್ಥವಾಗಲಿಲ್ಲ. ಚರ್ಮಕ್ಕೂ ಜೆಲ್ಲಿಗೂ ನಡುವೆ ತೆಳುವಾದ ಹತ್ತಿ ಬಟ್ಟೆ ಇರಲಿ.

ದೊಡ್ಡ ಕೊರತೆ ಅಳತೆಯದು. ಎತ್ತರದ ರೇಸ್ ಕುದುರೆಗಳ ಕಾಲಿಗೆ ಹೊಲಿದಂತಿರುವ ಈ ಬೂಟು ನಮ್ಮ ಗಾಡಿ ಕುದುರೆಯ ಸಣ್ಣ ಕಾಲಿನ ಮೇಲೆ ಜಾರುತ್ತದೆ. ಜಾರಿದರೆ ಜೆಲ್ಲಿನ ಗಟ್ಟಿ ಗಡ್ಡೆ ಗಾಯದ ಮೇಲಿರದೆ ಕೆಳಗೆ ಕೂರುತ್ತದೆ; ಜಾರಬಾರದೆಂದು ಪಟ್ಟಿ ಬಿಗಿದರೆ ಹಿಂಬದಿಯ ಸ್ನಾಯುರಜ್ಜುಗಳ (ಸ್ನಾಯುವನ್ನು ಎಲುಬಿಗೆ ಜೋಡಿಸುವ ಪಟ್ಟಿಗಳ) ಮೇಲೆ ಒತ್ತಡ ಬಿದ್ದು ಹೊಸ ಗಾಯವೇ ಆಗಬಹುದು. ಕೊನೆಗೆ ಒಳಗೆ ಅರಳೆಯ ದಪ್ಪ ಪದರ ಸುತ್ತಿ ಸರಿಮಾಡಿಕೊಂಡೆ. ವೆಲ್ಕ್ರೋ ಪಟ್ಟಿಗೆ ಹೊಟ್ಟು ಅಂಟಿಕೊಂಡು ತಿಂಗಳೊಳಗೆ ಹಿಡಿತ ಹೋಯಿತು. ಸಣ್ಣ ಅಳತೆಯದನ್ನು ಬದಲಿಸಿ ಕೊಡಿರೆಂದು ಬರೆದದ್ದಕ್ಕೆ ಮಾರಾಟಗಾರರಿಂದ ಇವತ್ತಿಗೂ ಉತ್ತರವಿಲ್ಲ.

ಇದೆಲ್ಲವನ್ನೂ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು, ಬಳಸಿದರೆ ವಾರದೊಳಗೆ ಕುದುರೆ ಕೆಲಸಕ್ಕೆ ಸಿದ್ಧವೆಂಬ ಡಬ್ಬಿಯ ಮೇಲಿನ ಮಾತು. ಐದನೆಯ ದಿನ ಬಾವು ಇಳಿದು ನಡಿಗೆ ಸರಿಯಾಗಿ ಕಂಡಾಗ ನಮ್ಮ ತಂದೆಯವರೇ ‘ನಾಳಿಂದ ಗಾಡಿ ಹೂಡೂಣು’ ಎಂದಿದ್ದರು. ದಿನದ ಗಳಿಕೆ ನಿಂತ ಮನೆಯಲ್ಲಿ ಆ ಮಾತು ತಪ್ಪೆನ್ನಲಾಗದು. ಆದರೆ ತಂಪಿನಿಂದ ಇಳಿಯುವುದು ನೋವು ಮತ್ತು ಬಾವು. ಹರಿದ ಎಳೆ ಕೂಡಿಕೊಳ್ಳಲು ತಿಂಗಳುಗಳೇ ಬೇಕು, ಹೊಸದಾಗಿ ಬೆಳೆಯುವ ಎಳೆಗೆ ಮೊದಲಿನ ಎಳೆತವಿರುವುದಿಲ್ಲ, ಅವಸರಪಟ್ಟರೆ ಅದೇ ಜಾಗ ಮತ್ತೆ ಹರಿಯುತ್ತದೆ. ನೋವಿನ ಇಂಜೆಕ್ಷನ್ ಕೊಟ್ಟ ದಿನಗಳಲ್ಲಂತೂ ಕುದುರೆಯ ನಡಿಗೆಯನ್ನು ನಂಬಲೇಬಾರದು. ಬಿಸಿ ಕಬ್ಬಿಣದ ಬರೆ ಹಾಕಿಸಿ ಎಂದವರೂ ಇದ್ದರು. ಅದರಿಂದ ರಜ್ಜು ಕೂಡುವುದಿಲ್ಲ, ಕುದುರೆಗೆ ಹಿಂಸೆಯಷ್ಟೇ ಎಂದು ವೈದ್ಯರು ಖಡಾಖಂಡಿತವಾಗಿ ತಡೆದರು.

ಅವರು ಹಾಕಿಕೊಟ್ಟ ಕ್ರಮವೇ ಬೇರೆ. ಲಾಯದಲ್ಲೇ ವಿಶ್ರಾಂತಿ, ಹಗ್ಗ ಹಿಡಿದು ದಿನಕ್ಕೆರಡು ಬಾರಿ ಹತ್ತು ನಿಮಿಷದ ನಡಿಗೆ, ಆಮೇಲೆ ಹಂತಹಂತವಾಗಿ ಹೆಚ್ಚಳ, ಎಂಟು ವಾರಕ್ಕೆ ಮರು ಸ್ಕ್ಯಾನ್, ಗಾಡಿಗೆ ಆರು ತಿಂಗಳವರೆಗೆ ಹೂಡುವಂತಿಲ್ಲ, ಅಗತ್ಯವಾದರೆ ವರ್ಷ. ದುಡಿಮೆಯಿಲ್ಲದ ಕಾರಣ ಬೇಯಿಸಿದ ಹುರಳಿಯನ್ನು ಕಡಿಮೆ ಮಾಡಿ ಒಣಮೇವನ್ನು ಹೆಚ್ಚಿಸಿದೆವು. ಲಾಳ ಕಟ್ಟುವವರನ್ನು ಕರೆಸಿದಾಗ, ಗೊರಸಿನ ಮುಂತುದಿ ಉದ್ದ ಬೆಳೆದು ಹಿಮ್ಮಡಿ ತಗ್ಗಿದ್ದು ಗೊತ್ತಾಯಿತು. ಅಂಥ ಗೊರಸಿನಲ್ಲಿ ಈ ರಜ್ಜಿನ ಮೇಲೆ ಭಾರ ಹೆಚ್ಚು ಬೀಳುತ್ತದೆ. ಖರ್ಚು ಉಳಿಸಲು ನಾನೇ ಆ ಕೆಲಸವನ್ನು ಮುಂದೂಡುತ್ತ ಬಂದಿದ್ದೆ. ಈಗ ಆರು ವಾರಕ್ಕೊಮ್ಮೆ ತಪ್ಪದೆ ಮಾಡಿಸುತ್ತೇನೆ.

ಎಂಟನೆಯ ವಾರದ ಸ್ಕ್ಯಾನಿನಲ್ಲಿ ಕಪ್ಪು ಮಚ್ಚೆ ಅರ್ಧಕ್ಕಿಂತ ಕಿರಿದಾಗಿತ್ತು. ಈಗ ಬೆಳಿಗ್ಗೆ ನಲವತ್ತು ನಿಮಿಷ ನಡೆಸುತ್ತೇವೆ, ಓಟ ಇನ್ನೂ ಇಲ್ಲ. ನಡೆದ ಮೇಲೆ ಕಾಲು ಬೆಚ್ಚಗೆನಿಸಿದ ದಿನ ಮಾತ್ರ ಬೂಟು ಕಟ್ಟಿ, ಮರುದಿನದ ನಡಿಗೆಯನ್ನು ಕಡಿತಗೊಳಿಸುತ್ತೇನೆ. ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಕೊಳ್ಳುವವರು ತಮ್ಮ ಕುದುರೆಯ ಕಾಲಿನ ಸುತ್ತಳತೆಯನ್ನು ದಾರದಿಂದ ಅಳೆದುಕೊಂಡು, ಸಣ್ಣ ಅಳತೆ ಸಿಗುವುದೇ ಎಂದು ಮೊದಲು ಕೇಳಿ, ಆಮೇಲೆ ಹಣ ಕೊಡಲಿ.