ಐದು ಊರು, ಒಂದು ವೇಳಾಪಟ್ಟಿ: ಪ್ರಿಟಾಕ್ಸ್ ಮೂರು ವರ್ಷ ಬಳಸಿದ ಮೇಲೆ

ಶಿವಮೊಗ್ಗದ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಸಂಜೆ ಮತ್ತು ಭಾನುವಾರ ಮುಕ್ತ ತಂತ್ರಾಂಶದ, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶದ, ಗೆಳೆಯರ ಪಾಲು. ಸೆಪ್ಟೆಂಬರ್ ತಿಂಗಳ ಮೂರನೇ ಶನಿವಾರ ಸಾಫ್ಟ್‌ವೇರ್ ಫ್ರೀಡಂ ಡೇ, ಇಂಥ ತಂತ್ರಾಂಶವನ್ನು ಜನರಿಗೆ ಪರಿಚಯಿಸುವ ದಿನ. 2004ರಲ್ಲಿ ಶುರುವಾದ ಆಚರಣೆ ಇದು. ಆಯಾ ಊರಿನವರೇ ಜಾಗ ಹುಡುಕಬೇಕು, ಮಾತಾಡುವವರನ್ನು ಒಪ್ಪಿಸಬೇಕು, ಚಹಾಕ್ಕೆ ಹೇಳಬೇಕು. ಶಿವಮೊಗ್ಗ, ಹುಬ್ಬಳ್ಳಿ, ಮಂಗಳೂರು, ಮೈಸೂರು, ಕಲಬುರಗಿ, ಹೀಗೆ ಐದು ಊರಿನ ನಾವು 2022ರವರೆಗೆ ನಮ್ಮ ನಮ್ಮ ಪಾಡಿಗೆ ಮಾಡುತ್ತಿದ್ದೆವು.

ಆ ವರ್ಷ ಒಂದು ಎಡವಟ್ಟಾಯಿತು. ಒಬ್ಬರೇ ಸರ್ ಬೆಳಿಗ್ಗೆ 11ಕ್ಕೆ ಹುಬ್ಬಳ್ಳಿಯಲ್ಲೂ ಇದ್ದರು, ಮೈಸೂರಿನಲ್ಲೂ ಇದ್ದರು. ಅಂದರೆ ಪೋಸ್ಟರಿನಲ್ಲಿ. ಎರಡೂ ಪೋಸ್ಟರಿನಲ್ಲಿ ಅದೇ ಫೋಟೋ, ಅದೇ ನಗು. ಅವರು ಇಬ್ಬರಿಗೂ "ನೋಡೋಣ" ಅಂದಿದ್ದರಂತೆ. ಇಬ್ಬರೂ ಅದನ್ನು "ಹೂಂ" ಅಂತ ಬರೆದುಕೊಂಡಿದ್ದರು.

ಮುಂದಿನ ವರ್ಷ ಎಲ್ಲರೂ ಸೇರಿ ಒಂದೇ ಕಡೆ ಪಟ್ಟಿ ಮಾಡೋಣ ಅಂತಾಯಿತು. ಅದಕ್ಕೆ ಸಿಕ್ಕಿದ್ದು ಪ್ರಿಟಾಕ್ಸ್.

ಇದು ಸಮ್ಮೇಳನ ನಡೆಸುವವರಿಗೆ ಅಂತ ಮಾಡಿದ ಮುಕ್ತ ತಂತ್ರಾಂಶ. ಪೈಥಾನ್ ಭಾಷೆಯಲ್ಲಿ ಜಾಲತಾಣ ಕಟ್ಟಲು ಬಳಸುವ ಜಾಂಗೋ ಅನ್ನುವ ಚೌಕಟ್ಟಿನ ಮೇಲೆ ಕಟ್ಟಿದ್ದು. "ನಾನು ಇದರ ಬಗ್ಗೆ ಮಾತಾಡುತ್ತೇನೆ" ಅಂತ ಜನ ಅರ್ಜಿ ಹಾಕುವುದು, ನಾವು ಅದನ್ನು ಓದಿ ಅಂಕ ಕೊಡುವುದು, ಆರಿಸಿದ್ದನ್ನು ವೇಳಾಪಟ್ಟಿಯಲ್ಲಿ ಕೂರಿಸುವುದು, ಎಲ್ಲರಿಗೂ ಮೇಲ್ ಕಳಿಸುವುದು ಎಲ್ಲ ಇದರಲ್ಲೇ. ದುಡ್ಡು ಕೊಟ್ಟರೆ ಅವರೇ ನಡೆಸಿಕೊಡುತ್ತಾರೆ, ಇಲ್ಲವಾದರೆ ನಮ್ಮ ಸರ್ವರಿನಲ್ಲಿ ನಾವೇ ಹಾಕಿಕೊಳ್ಳಬಹುದು. ಬ್ರಸೆಲ್ಸ್‌ನ ಫಾಸ್‌ಡೆಮ್ ಕೂಡ 2024ರಿಂದ ಇದಕ್ಕೆ ಬಂದಿದೆ. ಫಾಸ್‌ಡೆಮ್ ಅಂದರೆ ಟಿಕೆಟ್ಟೂ ಇಲ್ಲದ, ನೋಂದಣಿಯೂ ಇಲ್ಲದ, ಮುಕ್ತ ತಂತ್ರಾಂಶದವರ ದೊಡ್ಡ ಜಾತ್ರೆ. ಅಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ಕೋಣೆ, ಆ ಕೋಣೆಯ ಹೊಣೆ ಒಂದೊಂದು ಸ್ವಯಂಸೇವಕರ ಗುಂಪಿನದು.

ಈ ಕೋಣೆ ಲೆಕ್ಕವನ್ನೇ ನಾವು ಸ್ವಲ್ಪ ತಿರುಚಿದೆವು. ಪ್ರಿಟಾಕ್ಸ್‌ಗೆ ಗೊತ್ತಿರುವುದು ಒಂದು ಕಾರ್ಯಕ್ರಮ, ಅದರಲ್ಲಿ ಕೆಲವು ಕೋಣೆ. ನಾವು ಕೋಣೆ ಅನ್ನುವ ಜಾಗದಲ್ಲಿ ಊರಿನ ಹೆಸರು ಹಾಕಿದೆವು. ಅದರ ಪ್ರಕಾರ ಕಲಬುರಗಿಯೂ ಮಂಗಳೂರೂ ಅಕ್ಕಪಕ್ಕದ ಬಾಗಿಲು. ನಗಬೇಡಿ, ಕೆಲಸ ಆಯಿತು. ಒಬ್ಬರನ್ನೇ ಒಂದೇ ಹೊತ್ತಿಗೆ ಎರಡು ಕಡೆ ಕೂರಿಸಲು ಹೋದರೆ ತಕ್ಷಣ ಎಚ್ಚರಿಕೆ ಬರುತ್ತದೆ. ಅವರು "ಮಧ್ಯಾಹ್ನದ ಮೇಲೆ ಮಾತ್ರ" ಅಂತ ತುಂಬಿದ್ದರೆ ಬೆಳಿಗ್ಗೆ ಹಾಕಿದಾಗಲೂ ಬರುತ್ತದೆ. 11 ಗಂಟೆಯ ಸರ್ ಸಮಸ್ಯೆ ಅಲ್ಲಿಗೆ ಮುಗಿಯಿತು. ಆದರೆ ಹುಬ್ಬಳ್ಳಿಯಿಂದ ಮೈಸೂರಿಗೆ ರಾತ್ರಿ ಪ್ರಯಾಣ ಬೇಕು ಅನ್ನುವುದು ಅದಕ್ಕೆ ಗೊತ್ತಿಲ್ಲ. 11ಕ್ಕೆ ಹುಬ್ಬಳ್ಳಿ, 12ಕ್ಕೆ ಮೈಸೂರು ಅಂತ ಹಾಕಿದರೆ ಸುಮ್ನೆ ಒಪ್ಪಿಕೊಳ್ಳುತ್ತದೆ. ಕೋಣೆ ತಾನೇ!

ಅರ್ಜಿಯಲ್ಲಿ ನಮ್ಮದೇ ಪ್ರಶ್ನೆ ಸೇರಿಸಬಹುದು. ನಾವು ಎರಡು ಸೇರಿಸಿದೆವು. ಯಾವ್ಯಾವ ಊರಿಗೆ ಬರಬಲ್ಲಿರಿ? ಪ್ರೊಜೆಕ್ಟರ್ ಬೇಕೇ ಬೇಕಾ? ಎರಡನೆಯ ಪ್ರಶ್ನೆಯಿಂದ ಆದ ಉಪಕಾರ ಜಾಸ್ತಿ.

ಮೇಲ್‌ಗಳ ಒಕ್ಕಣೆಯನ್ನೂ ಕನ್ನಡದಲ್ಲಿ ಬರೆದುಕೊಂಡೆವು. ಮಂಗಳೂರಿನ ಮೇಡಂ ಬಹಳ ಶ್ರದ್ಧೆಯಿಂದ ಅನುವಾದ ಮಾಡಿದರು. ಎಷ್ಟು ಶ್ರದ್ಧೆ ಅಂದರೆ, ಫ್ಲವರ್ ಬ್ರಾಕೆಟ್ ಒಳಗೆ ಇಂಗ್ಲಿಷಿನಲ್ಲಿ 'ನೇಮ್' ಅಂತ ಇರುತ್ತದಲ್ಲ, ಆಯಾ ಜನರ ಹೆಸರು ತಾನಾಗಿ ಬರಲಿ ಅಂತ, ಅದನ್ನೂ 'ಹೆಸರು' ಅಂತ ಕನ್ನಡಕ್ಕೆ ತಂದರು. ಪ್ರಿಟಾಕ್ಸ್ ಅದನ್ನು ಉಳಿಸಲು ಬಿಡಲಿಲ್ಲ, ಇಂಥ ಗುರುತು ನನಗೆ ಗೊತ್ತಿಲ್ಲ ಅಂದಿತು. ಬಿಟ್ಟಿದ್ದರೆ ಎಲ್ಲರಿಗೂ "ನಮಸ್ಕಾರ ಹೆಸರು" ಅಂತ ಮೇಲ್ ಹೋಗುತ್ತಿತ್ತು.

ನನಗೆ ಇದರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದರ ನಿಧಾನ. ವೇಗದ ಮಾತಲ್ಲ, ಅವಸರ ಮಾಡುವುದಿಲ್ಲ ಅಂತ. ನೀವು ಒಬ್ಬರನ್ನು ಆರಿಸಿದರೆ ಮೇಲ್ ತಕ್ಷಣ ಹೋಗುವುದಿಲ್ಲ, ಔಟ್‌ಬಾಕ್ಸ್‌ನಲ್ಲಿ ಕೂರುತ್ತದೆ. ಓದಿ, ತಿದ್ದಿ, ಆಮೇಲೆ ನೀವೇ ಕಳಿಸಬೇಕು. ವೇಳಾಪಟ್ಟಿಯೂ ಹಾಗೆಯೇ. ಒಳಗೆ ಎಷ್ಟು ಬೇಕಾದರೂ ಎಳೆದಾಡಿ, ನೀವು 'ರಿಲೀಸ್' ಒತ್ತುವವರೆಗೆ ಹೊರಗಿನವರಿಗೆ ಕಾಣುವುದು ಹಳೆಯದೇ. ಪ್ರತಿ ಸಲ ರಿಲೀಸ್ ಮಾಡಿದಾಗ ಒಂದು ಆವೃತ್ತಿ ಆಗುತ್ತದೆ, ಹಿಂದಿನದಕ್ಕಿಂತ ಏನು ಬದಲಾಯಿತು ಅನ್ನುವ ಪಟ್ಟಿಯೂ ಸಿಗುತ್ತದೆ.

ಇದರ ಬೆಲೆ ಗೊತ್ತಾಗಿದ್ದು ಒಂದು ರಾತ್ರಿ. ವೇಳಾಪಟ್ಟಿಯಲ್ಲಿ ಒಂದೊಂದು ಊರಿಗೆ ಒಂದೊಂದು ಕಾಲಂ. ಮೈಸೂರಿನ ಹುಡುಗ ತನ್ನ ಕಾಲಂ ಸರಿಮಾಡುತ್ತಾ ಹುಬ್ಬಳ್ಳಿಯ ಎರಡು ಮಾತುಗಳನ್ನು ಎಳೆದು ತನ್ನಲ್ಲಿ ಹಾಕಿಕೊಂಡಿದ್ದ. ಬೇಕಂತ ಅಲ್ಲ, ಖಾಲಿ ಜಾಗ ಕಂಡಿತು, ಹಾಕಿದ. ಹುಬ್ಬಳ್ಳಿಯವರು ಬೆಳಿಗ್ಗೆ ನೋಡಿ ಕಿಡಿಕಿಡಿಯಾದರು. ಆದರೆ ಹೊರಗೆ ಏನೂ ಹೋಗಿರಲಿಲ್ಲ. ಎರಡನ್ನೂ ವಾಪಸ್ ಎಳೆದೆವು, ಆಯಿತು. ಇದೇ ಕೆಲಸ ಮೊದಲಿನ ಹಾಗೆ ಎಲ್ಲರೂ ತಿದ್ದುವ ಶೀಟಿನಲ್ಲಿ ಆಗಿದ್ದರೆ ಅಷ್ಟು ಹೊತ್ತಿಗೆ ಯಾರೋ ಪೋಸ್ಟರ್ ಮಾಡಿ ವಾಟ್ಸಾಪ್‌ನಲ್ಲಿ ಹರಿಬಿಟ್ಟಿರುತ್ತಿದ್ದರು.

ಇದರ ಕೊರತೆಯೂ ಇಲ್ಲೇ ಇದೆ. ಊರು ಅನ್ನುವುದು ನಾವು ಮಾಡಿಕೊಂಡ ನಾಟಕ, ತಂತ್ರಾಂಶಕ್ಕೆ ಅದು ಕೋಣೆ ಅಷ್ಟೇ. ತಂಡ ಮಾಡಬಹುದು, ಯಾರು ಓದಬೇಕು, ಯಾರು ತಿದ್ದಬೇಕು ಅಂತ ಹಂಚಬಹುದು. ಆದರೆ "ಮೈಸೂರಿನವರು ಮೈಸೂರಿನ ಕಾಲಂ ಮಾತ್ರ ಮುಟ್ಟಲಿ" ಅಂತ ಕಟ್ಟುವ ದಾರಿ ನಮಗೆ ಸಿಗಲಿಲ್ಲ. ಕೊನೆಗೆ ಬಾಯಿ ಮಾತಿನ ಕಟ್ಟಳೆ ಮಾಡಿಕೊಂಡೆವು. ದಿನಾ ರಾತ್ರಿ 9ಕ್ಕೆ ಐದೂ ಊರಿನವರು ಫೋನಿನಲ್ಲಿ ಸೇರಬೇಕು, ಎಲ್ಲರೂ ಸರಿ ಅಂದ ಮೇಲೆ ನಾನು ಒಬ್ಬಳೇ ರಿಲೀಸ್ ಒತ್ತಬೇಕು. ಆ ಕಾಲ್‌ಗಳಲ್ಲಿ ಅರ್ಧ ಹೊತ್ತು ಹೋಗಿದ್ದು "ನಿಮ್ಮಲ್ಲಿ ಮಳೆ ಹೇಗಿದೆ" ಅನ್ನುವುದರಲ್ಲಿ. ಆದರೂ ಮೊದಲ ಸಲ ನಾವು ಐದೂ ಊರಿನವರು ಒಬ್ಬರಿಗೊಬ್ಬರು ಪರಿಚಯ ಆಗಿದ್ದು ಹಾಗೆಯೇ.

ದಿನದ ಗೊಂದಲ ಮಾತ್ರ ಯಾವ ತಂತ್ರಾಂಶಕ್ಕೂ ಬಗೆಹರಿಯುವಂಥದ್ದಲ್ಲ. 2023ರಲ್ಲಿ ಮೂರನೇ ಶನಿವಾರ ಸೆಪ್ಟೆಂಬರ್ 16ಕ್ಕೆ ಬಂತು. ಸೋಮವಾರ 18ಕ್ಕೆ ಗಣೇಶ ಚೌತಿ. ಸ್ವಯಂಸೇವಕರೆಲ್ಲ ಶುಕ್ರವಾರ ರಾತ್ರಿಯೇ ಬಸ್ಸು ಹತ್ತುವವರು. ಒಂದು ವಾರ ಮುಂದಕ್ಕೆ, 23ಕ್ಕೆ ಹಾಕಿಕೊಂಡೆವು. ಹಬ್ಬ ಮುಗಿಸಿದ ಹುಡುಗರು ಚಕ್ಕುಲಿ ಡಬ್ಬದ ಸಮೇತ ಬಂದರು.

ಸಂಜೆ 4ಕ್ಕೆ ಐದೂ ಊರನ್ನು ಜಿಟ್ಸಿ ಅನ್ನುವ ವಿಡಿಯೋ ಕಾಲ್ ತಂತ್ರಾಂಶದಲ್ಲಿ ಜೋಡಿಸಿ ಮ್ಯೂನಿಕ್‌ನ ಒಬ್ಬ ಕನ್ನಡತಿಯಿಂದ ಮಾತಾಡಿಸಿದೆವು. ವೇಳಾಪಟ್ಟಿಯ ಪುಟದಲ್ಲಿ ನೋಡುವವರ ಸಮಯಕ್ಕೆ ಬದಲಿಸಿಕೊಳ್ಳಬಹುದು, ಅವರಿಗೆ ಮಧ್ಯಾಹ್ನ 12:30 ಅಂತಲೇ ಕಂಡಿತು. ಫೋನಿನಲ್ಲಿ ಕೂಡಿ ಕಳೆಯುವ ಕೆಲಸ ತಪ್ಪಿತು. ಜಿಟ್ಸಿಯ ಸಾರ್ವಜನಿಕ ಸರ್ವರಿನಲ್ಲಿ ಕೋಣೆ ತೆರೆಯುವವರು ಲಾಗಿನ್ ಆಗಲೇಬೇಕು ಅನ್ನುವ ನಿಯಮ ಅದೇ ಆಗಸ್ಟ್‌ನಲ್ಲಿ ಬಂದಿತ್ತು. ಅದು ನೆನಪಾಗಿದ್ದು 3:55ಕ್ಕೆ.

ಅಳವಡಿಸುವುದು ಎರಡು ಸಂಜೆಯ ಕೆಲಸ. ಲಿನಕ್ಸ್ ಗೊತ್ತಿರುವ ಒಬ್ಬರಾದರೂ ಬೇಕು, ಸೂಚನೆಗಳು ಸ್ಪಷ್ಟವಾಗಿವೆ. ನಮ್ಮ ಮೊದಲ ಮೇಲ್‌ಗಳೆಲ್ಲ ಸ್ಪ್ಯಾಮ್‌ಗೆ ಹೋದವು. ತಪ್ಪು ನನ್ನದೇ, ಡೊಮೇನಿಗೆ ಎಸ್‌ಪಿಎಫ್ ದಾಖಲೆ, ಅಂದರೆ ನಮ್ಮ ಹೆಸರಿನಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅಂತ ಹೇಳುವ ಸಾಲು, ಹಾಕುವುದನ್ನು ಮರೆತಿದ್ದೆ. ನೀವು ಮರೆಯಬೇಡಿ.

ಚಹಾ ಯಾರು ತರುತ್ತಾರೆ, ಎಕ್ಸ್‌ಟೆನ್ಷನ್ ಬಾಕ್ಸ್ ಯಾರ ಮನೆಯದು, ಬಾಗಿಲಲ್ಲಿ ಯಾರು ಕೂರುತ್ತಾರೆ, ಇದಕ್ಕೆಲ್ಲ ಪ್ರಿಟಾಕ್ಸ್ ಅಲ್ಲ. ಜರ್ಮನಿಯ ಹ್ಯಾಕರ್ ಕೂಟಗಳಲ್ಲಿ ಪಾಳಿ ಹಂಚಲು ಎಂಗೆಲ್‌ಸಿಸ್ಟಮ್ ಅಂತ ಬೇರೆಯೇ ತಂತ್ರಾಂಶ ಇದೆ, ಅಲ್ಲಿ ಸ್ವಯಂಸೇವಕರನ್ನು ಏಂಜೆಲ್ ಅಂತಲೇ ಕರೆಯುತ್ತಾರೆ. ನಮ್ಮ ಏಂಜೆಲ್‌ಗಳಿಗೆ 200 ಪುಟದ ಒಂದು ನೋಟ್‌ಬುಕ್ ಸಾಕಾಗಿದೆ.

ನಕ್ಷತ್ರ ಕೇಳಿದರೆ ಐದಕ್ಕೆ ನಾಲ್ಕು. ಒಂದು ಕಡಿಮೆ ಮಾಡಿದ್ದು ಆ ಕಾಲಂ ಬೀಗಕ್ಕೆ.

ಹೊಸದಾಗಿ ಬಳಸುವವರಿಗೆ ಇನ್ನೊಂದು ವಿಷಯ ಹೇಳಬೇಕು. ನೀವು ಆರಿಸಿದರೆ ಸಾಲದು, ಮಾತಾಡುವವರು ಮೇಲ್‌ನಲ್ಲಿ ಬಂದ ಕೊಂಡಿ ಒತ್ತಿ 'ಕನ್ಫರ್ಮ್' ಅನ್ನಬೇಕು. ಅನ್ನದಿದ್ದರೆ ಅವರ ಮಾತು ಹೊರಗಿನ ವೇಳಾಪಟ್ಟಿಯಲ್ಲಿ ಕಾಣುವುದೇ ಇಲ್ಲ. ಮೊದಲ ವರ್ಷ ಹುಬ್ಬಳ್ಳಿಯ ಕಾಲಂನಲ್ಲಿ ಒಂದು ಗಂಟೆ ಖಾಲಿ ಕಂಡು ಗಾಬರಿಯಾದೆವು. ಅದು ನಮ್ಮ ಹಳೆಯ 11 ಗಂಟೆಯ ಸರ್ ಜಾಗ. ಫೋನ್ ಮಾಡಿದರೆ, "ಬರ್ತೀನಿ ಅಂತ ಫೋನಿನ್ಯಾಗ ಹೇಳೀನಲ್ಲ ತಂಗಿ, ಮತ್ತ ಬಟನ್ ಯಾಕ ಒತ್ತಬೇಕು?" ಅಂದರು. ಸಂಘಟಕರೂ ಅವರ ಪರವಾಗಿ ಒತ್ತಬಹುದು. ಮೂರು ವರ್ಷವೂ ಅವರದ್ದನ್ನು ನಾನೇ ಒತ್ತಿದ್ದೇನೆ. ಅವರೂ ಮೂರು ವರ್ಷವೂ ಹತ್ತು ನಿಮಿಷ ಮೊದಲೇ ಬಂದು ಕೂತಿದ್ದಾರೆ.