ಸಂಸೋನನ ಕತೆ ಮುಗಿದ ಮೇಲೆ ಯಾವ ಪುಸ್ತಕ?

"ಟೀಚರ್ರೀ, ಸಂಸೋನಗ ಸೂಪರ್ ಪವರ್ ಇತ್ತಲ್ರೀ. ಆಂವ ಸಣ್ಣಾಂವ ಇದ್ದಾಗನೂ ಇತ್ತೇನ್ರೀ?"

ಗದಗ ಬೆಟಗೇರಿಯ ನಮ್ಮ ಸಂಡೇ ಸ್ಕೂಲಿನಲ್ಲಿ ಬೈಬಲ್ಲಿನ ಬಲಶಾಲಿ ಸಂಸೋನನ ಕತೆ ಕೇಳಿ ಹತ್ತು ವರ್ಷದ ಹುಡುಗನೊಬ್ಬ ಹೀಗೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೈಬಲ್ಲಿನ ನ್ಯಾಯಸ್ಥಾಪಕರು ಪುಸ್ತಕದಲ್ಲಿ ಸಂಸೋನನ ಬಾಲ್ಯಕ್ಕೆ ಸಿಕ್ಕಿರುವುದು ಎರಡೇ ವಚನ. ಹುಡುಗ ಬೆಳೆದ, ದೇವರು ಆಶೀರ್ವದಿಸಿದ, ಆತ್ಮ ಅವನನ್ನು ಪ್ರೇರೇಪಿಸತೊಡಗಿತು, ಅಷ್ಟೇ. ಮುಂದಿನ ಅಧ್ಯಾಯಕ್ಕೆ ಅವನು ಮದುವೆಗೆ ಬಂದ ಗಂಡಸು. ಕೇಳಿದ ಹುಡುಗನಿಗೆ ಬೇಕಾಗಿದ್ದದ್ದು ತನ್ನ ವಯಸ್ಸಿನವರ ಕತೆ. ಅದರಲ್ಲಿ ಶಕ್ತಿ ಇರಬೇಕು, ಬೇರೆ ಗ್ರಹ ಇರಬೇಕು, ದೇವರೂ ಇರಬೇಕು.

ಆವತ್ತಿನಿಂದ ಮೂರು ಬೇಸಿಗೆ ರಜೆ, ಮೂರು ಪುಸ್ತಕ. ಸಂಜೆ ಐದಕ್ಕೆ ಬಿಸಿಲು ಇಳಿದ ಮೇಲೆ ಮುಕ್ಕಾಲು ತಾಸು ಓದು. ಎಂಟರಿಂದ ಹದಿಮೂರು ವರ್ಷದ ಇಪ್ಪತ್ತು ಇಪ್ಪತ್ತೆರಡು ಮಕ್ಕಳು, ಹೆಚ್ಚಿನವರು ಕನ್ನಡ ಶಾಲೆಯವರು. ಪುಸ್ತಕಗಳು ಇಂಗ್ಲಿಷಿನವು. ಹಿಂದಿನ ರಾತ್ರಿ ಓದಿಟ್ಟುಕೊಂಡು ಮರುದಿನ ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಶನ್ ಬೆಟಗೇರಿಗೆ ಬಂದದ್ದು 1841ರಲ್ಲಿ. ಅದೇ ಮಿಶನ್ನಿನ ಕಿಟೆಲ್ಲರು 1862ರಲ್ಲಿ ಕ್ರಿಸ್ತನ ಕತೆಯನ್ನು ಕನ್ನಡದ ಛಂದಸ್ಸಿಗೆ ಹೊಂದಿಸಿ 'ಕಥಾಮಾಲೆ' ಕಟ್ಟಿದ್ದರು. ಬೇರೆ ಕಡೆಯಿಂದ ಬಂದ ಕತೆಗೆ ಇಲ್ಲಿನ ನಾಲಿಗೆ ಕೊಡುವ ಕೆಲಸ ಈ ಊರಿಗೆ ಹೊಸದಲ್ಲ ಎಂಬ ಧೈರ್ಯ ನನಗಿತ್ತು.

ನಾನು ನೋಡಿದ್ದು ಒಂದೇ ಮಾತು. ಕತೆ ಮುಗಿದ ಮೇಲೆ ಆ ಶಕ್ತಿಯನ್ನು ಮಗು ಮನೆಗೆ ಒಯ್ಯಬಲ್ಲದೇ, ಇಲ್ಲ ಅದು ಪುಸ್ತಕದಲ್ಲೇ ಉಳಿಯುತ್ತದೆಯೇ?

ಪುಸ್ತಕಗಳಿಗೆ ಮೊದಲು ಕಾರ್ಟೂನಿನ ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಮೊದಲು ಸೂಚಿಸುವುದು ಅದನ್ನೇ. 'ಸೂಪರ್‌ಬುಕ್' 1981ರಲ್ಲಿ ಜಪಾನಿನಲ್ಲಿ ತಯಾರಾಯಿತು, 2011ರಲ್ಲಿ ಹೊಸ ರೂಪದಲ್ಲಿ ಬಂತು. ಇಬ್ಬರು ಮಕ್ಕಳು ಮತ್ತು ಒಂದು ರೋಬೋ ಕಾಲದಲ್ಲಿ ಹಿಂದೆ ಹೋಗಿ ಬೈಬಲ್ಲಿನ ಘಟನೆಗಳನ್ನು ಕಣ್ಣಾರೆ ಕಾಣುತ್ತಾರೆ. ಬೈಬಲ್ ಕಲಿಸಲು ಒಳ್ಳೆಯದು. ನಮ್ಮ ಸಣ್ಣವರು ರೋಬೋನ ಸಲುವಾಗಿ ಬಾಯಿ ತೆರೆದು ಕೂತಿದ್ದರು. ಆದರೆ ಅಲ್ಲಿ ಮಕ್ಕಳು ನೋಡುವವರು, ಮಾಡುವವರಲ್ಲ. ಟೀವಿ ಆರಿಸಿದ ಮೇಲೆ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ.

ಮೊದಲ ಬೇಸಿಗೆ ಸಿ.ಎಸ್. ಲೂಯಿಸ್ ಅವರ 'ದ ಮೆಜಿಷಿಯನ್ಸ್ ನೆಫ್ಯೂ', 1955ರದು. ನಾರ್ನಿಯಾ ಸರಣಿಯಲ್ಲಿ ವಿಜ್ಞಾನ ಕತೆಗೆ ತೀರ ಹತ್ತಿರ ಇರುವುದು ಇದೇ ಅನ್ನುವುದು ನನ್ನ ಎಣಿಕೆ. ಹಳದಿ ಉಂಗುರ ಮುಟ್ಟಿದರೆ ಲೋಕಗಳ ನಡುವಿನ ಕಾಡು. ಅಲ್ಲಿ ಸಣ್ಣ ಸಣ್ಣ ಹೊಂಡಗಳು, ಒಂದೊಂದು ಹೊಂಡ ಒಂದೊಂದು ಲೋಕಕ್ಕೆ ಬಾಗಿಲು. ಹಸಿರು ಉಂಗುರ ಹಾಕಿಕೊಂಡು ಹೊಂಡಕ್ಕೆ ಹಾರಿದರೆ ಆ ಲೋಕ. ಮಕ್ಕಳಿಗೆ ಈ ಲೆಕ್ಕ ನನಗಿಂತ ಬೇಗ ಹತ್ತಿತು. ಮರುದಿನ ಅಂಗಳದ ತುಂಬ ಸೀಮೆಸುಣ್ಣದ ಹೊಂಡಗಳು, ಕೈಬೆರಳಿಗೆ ಬಣ್ಣದ ನೂಲು.

ಕನ್ನಡಕ್ಕೆ ತರಲು ಇದರಷ್ಟು ಸಲೀಸು ಬೇರೆ ಯಾವುದೂ ಆಗಲಿಲ್ಲ. ಅಜ್ಜ ಕತೆ ಹೇಳಿದ ಹಾಗೆ ವಾಕ್ಯಗಳು ತಾವೇ ಬಂದು ಕೂಡುತ್ತವೆ. ಸಿಂಹ ಹಾಡುತ್ತಾ ಹಾಡುತ್ತಾ ಲೋಕ ಹುಟ್ಟುವ ಅಧ್ಯಾಯ ಇದೆ. ಮೊದಲು ನಕ್ಷತ್ರ, ಆಮೇಲೆ ಸೂರ್ಯ, ಹುಲ್ಲು, ಕೊನೆಗೆ ನೆಲ ಗುಳ್ಳೆಗುಳ್ಳೆಯಾಗಿ ಎದ್ದು ಒಳಗಿಂದ ಪ್ರಾಣಿಗಳು. ಅದನ್ನು ಓದಿದ ದಿನ ಆದಿಕಾಂಡದ ಒಂದನೇ ಅಧ್ಯಾಯ ಬೇರೆಯಾಗಿ ಕಲಿಸುವ ಅಗತ್ಯ ಬೀಳಲಿಲ್ಲ. ಇನ್ನು ಸೇಬಿನ ಪ್ರಸಂಗ. ಕತೆಯ ಹುಡುಗ ಡಿಗರಿಯ ತಾಯಿ ಹಾಸಿಗೆ ಹಿಡಿದಿದ್ದಾಳೆ. ಕದ್ದು ಒಂದು ಹಣ್ಣು ಒಯ್ದರೆ ಅವಳು ಉಳಿಯುತ್ತಾಳೆ ಎಂದು ಮಾಟಗಾತಿ ಆಸೆ ಹಚ್ಚುತ್ತಾಳೆ. ಒಯ್ಯಬೇಕೋ ಬ್ಯಾಡೋ ಎಂದು ನಮ್ಮಲ್ಲಿ ಎರಡು ದಿನ ಜಗಳ ನಡೆಯಿತು. ಒಬ್ಬ ಹುಡುಗಿ ಮಾತ್ರ ಯಾವ ಕಡೆಗೂ ಸೇರದೆ ಸುಮ್ಮನೆ ಕೂತಿದ್ದಳು. ಅವಳ ಅವ್ವ ಆಗ ಇಲ್ಲೇ ಜರ್ಮನ್ ಆಸ್ಪತ್ರೆಯಲ್ಲಿ ಇದ್ದರು. ನಾನು ಓದು ನಿಲ್ಲಿಸಲು ಹೋದೆ. "ಮುಂದ ಹೇಳ್ರಿ" ಅಂದಳು.

ಆದರೂ ನನ್ನ ಪರೀಕ್ಷೆಯಲ್ಲಿ ಈ ಪುಸ್ತಕ ಅರ್ಧಕ್ಕೆ ನಿಂತಿತು. ಶಕ್ತಿ ಇರುವುದು ಉಂಗುರದಲ್ಲಿ. ಉಂಗುರ ಮಾಡಿದವನು ಕೆಟ್ಟ ಸೋದರಮಾವ. ಕತೆ ಮುಗಿಯುವಾಗ ಉಂಗುರಗಳನ್ನು ಮಣ್ಣಲ್ಲಿ ಹೂಳುತ್ತಾರೆ. ನೂಲು ಕಟ್ಟಿಕೊಂಡ ಮಕ್ಕಳೂ ವಾರದಲ್ಲಿ ಬಿಚ್ಚಿ ಒಗೆದರು.

ಎರಡನೇ ಬೇಸಿಗೆ ಮ್ಯಾಡಲಿನ್ ಲೆಂಗಲ್ ಅವರ 'ಅ ರಿಂಕಲ್ ಇನ್ ಟೈಮ್'. ಪ್ರಕಾಶಕರು ಮೇಲಿಂದ ಮೇಲೆ ತಿರುಗಿಸಿ ಕಳಿಸಿದ ಹಸ್ತಪ್ರತಿ ಇದು. 1962ರಲ್ಲಿ ಅಚ್ಚಾಗಿ ಮರುವರ್ಷವೇ ಮಕ್ಕಳ ಪುಸ್ತಕಗಳಿಗೆ ಅಮೆರಿಕದಲ್ಲಿ ಕೊಡುವ ನ್ಯೂಬೆರಿ ಪದಕ ಪಡೆಯಿತು. ಮೆಗ್ ಎಂಬ ಹುಡುಗಿ: ಚಾಳೀಸು, ಹಲ್ಲಿಗೆ ತಂತಿ, ಮೂಗಿನ ತುದಿಯಲ್ಲೇ ಸಿಟ್ಟು. ಐದು ವರ್ಷದ ತಮ್ಮ ಚಾರ್ಲ್ಸ್ ವ್ಯಾಲೆಸ್‌ಗೆ ಅಕ್ಕನ ಮನಸ್ಸಿನಲ್ಲಿ ಏನಿದೆ ಎಂದು ಹೇಳದೇ ಗೊತ್ತಾಗುತ್ತದೆ. ಭೌತವಿಜ್ಞಾನಿ ಅಪ್ಪ ಕಳೆದುಹೋಗಿದ್ದಾನೆ. ಅವನನ್ನು ಹುಡುಕಲು ಗ್ರಹದಿಂದ ಗ್ರಹಕ್ಕೆ ಹೋಗಬೇಕು.

ಹೇಗೆ ಹೋಗುತ್ತಾರೆ ಎಂಬುದನ್ನು ಪುಸ್ತಕ ಒಂದು ಬಟ್ಟೆ, ಒಂದು ಇರುವೆ ಇಟ್ಟುಕೊಂಡು ತೋರಿಸುತ್ತದೆ. ನಾನು ನನ್ನ ಇಳಕಲ್ ಸೀರೆಯ ಸೆರಗನ್ನೇ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೆ. ಅಂಗಳದಿಂದ ಒಂದು ಇರಿವಿ ತಂದು ತೋಪ್ತೆನೆ ಎಂಬ ಸೆರಗಿನ ಚಿತ್ತಾರದ ಬುಡಕ್ಕೆ ಬಿಟ್ಟರು. ಅದು ಇನ್ನೊಂದು ಕೈ ಮುಟ್ಟಲು ಎಷ್ಟು ಹೊತ್ತು ನಡೆಯಬೇಕು? ಈಗ ಎರಡೂ ಕೈ ಕೂಡಿಸಿದರೆ? ಒಂದು ಹೆಜ್ಜೆ. ನಾನು ರಿಂಕಲ್ ಅಂದರೆ ಸುಕ್ಕು ಎಂದು ಹೇಳಿದ್ದೆ. ಮಗ್ಗದ ಮನೆಯ ಹುಡುಗಿಯೊಬ್ಬಳು ತಿದ್ದಿದಳು: "ಸುಕ್ಕಲ್ರೀ ಟೀಚರ, ನಿರಿಗಿ. ಸುಕ್ಕು ತಾನ ಬೀಳತೈತಿ, ನಿರಿಗಿ ನಾವು ಹಿಡೀತೀವಿ." ಆವತ್ತಿನಿಂದ ನಮ್ಮ ಪಾಲಿಗೆ ಆ ಪುಸ್ತಕದ ಹೆಸರು 'ಕಾಲದ ನಿರಿಗಿ'.

ಕಮಾಜೋಟ್ಜ್ ಎಂಬ ಗ್ರಹದಲ್ಲಿ ಪ್ರತಿ ಮನೆ ಮುಂದೆ ಒಂದೊಂದು ಮಗು ಚೆಂಡು ಪುಟಿಸುತ್ತಿದೆ, ಎಲ್ಲವೂ ಒಂದೇ ತಾಳಕ್ಕೆ. ಒಬ್ಬ ಹುಡುಗನ ಕೈಯಿಂದ ಚೆಂಡು ಜಾರುತ್ತದೆ, ಅವನ ತಾಯಿಯ ಮುಖ ಬಿಳಿಚಿಕೊಳ್ಳುತ್ತದೆ. ಎಲ್ಲರನ್ನೂ ಒಂದೇ ತಾಳಕ್ಕೆ ಕುಣಿಸುವ ದೊಡ್ಡ ಮಿದುಳಿಗೆ ಇಂಗ್ಲಿಷಿನಲ್ಲಿ 'ಇಟ್' ಎಂದೇ ಹೆಸರು. ನಾನು 'ಅದು' ಅಂದೆ, ದನಿ ಇಳಿಸಿ. ಆ ಹೊತ್ತಿಗೆ ಓಣಿಯ ಪವರ್‌ಲೂಮ್ ಟಕಟಕ ಬಡಿಯುತ್ತಿತ್ತು. ಸಣ್ಣ ಹುಡುಗನೊಬ್ಬ ಸರಿದು ನನ್ನ ಮಗ್ಗುಲಿಗೆ ಬಂದು ಕೂತ. 'ಅದು' ತಲೆಯೊಳಗೆ ಹೊಗದಂತೆ ಮೆಗ್ ಮೂಲಧಾತುಗಳ ಹೆಸರನ್ನು ಒದರುತ್ತಾಳೆ. ನಮ್ಮವರು ಹದಿನೇಳರ ಮಗ್ಗಿ ಒದರಿದರು. ಅಲ್ಲಿ ಮೆಗ್‌ಗೆ ಹೊಳೆಯುವ ಮಾತನ್ನು ಹೀಗೆ ಹೇಳಿದೆ: ಸಮಾನ ಇರೂದು ಬ್ಯಾರೆ, ಒಂದ ನಮೂನಿ ಇರೂದು ಬ್ಯಾರೆ.

ಈ ಪುಸ್ತಕಕ್ಕೆ ಆಕ್ಷೇಪಗಳೂ ಉಂಟು. ಅಮೆರಿಕದಲ್ಲಿ 1990ರ ದಶಕದಲ್ಲಿ ಗ್ರಂಥಾಲಯಗಳಿಂದ ತೆಗೆಯಿರಿ ಎಂಬ ಒತ್ತಾಯಕ್ಕೆ ಹೆಚ್ಚಾಗಿ ಗುರಿಯಾದ ಪುಸ್ತಕಗಳಲ್ಲಿ ಇದೂ ಒಂದು. ನನಗೂ ಒಬ್ಬ ಪಾಲಕರು ಕೇಳಿದರು, ಹರಳಿನ ಗೋಳ ನೋಡುವ ಹೆಂಗಸು ಯಾಕೆ, ಕತ್ತಲೆಯ ವಿರುದ್ಧ ಹೋರಾಡಿದವರ ಸಾಲಿನಲ್ಲಿ ಯೇಸುವಿನ ಹಿಂದೆ ಬುದ್ಧ, ಗಾಂಧಿ ಯಾಕೆ ಎಂದು. ಗೋಳದ ಪ್ರಸಂಗ ನನಗೂ ಸೇರಲಿಲ್ಲ, ಎರಡು ಮಾತಿನಲ್ಲಿ ದಾಟಿಸಿದ್ದೆ. ಎರಡನೆಯದಕ್ಕೆ ಮಾತ್ರ ನಾನು ಬಗ್ಗಲಿಲ್ಲ. ಆ ಸಾಲು ಶುರುವಾಗುವುದೇ ಯೋಹಾನನ ಸುವಾರ್ತೆಯಿಂದ: ಬೆಳಕು ಕತ್ತಲಲ್ಲಿ ಪ್ರಕಾಶಿಸುತ್ತದೆ. ಮಕ್ಕಳು ಹೇಳುವ ಮೊದಲ ಹೆಸರು ಯೇಸು. ಆಮೇಲೆ ಲಿಯೊನಾರ್ಡೊ, ಬಾಖ್, ಪಾಶ್ಚರ್, ಮೇಡಂ ಕ್ಯೂರಿ, ಐನ್‌ಸ್ಟೈನ್. ನಮ್ಮ ಮಕ್ಕಳಿಗೆ ಮುಂದುವರಿಸಿ ಎಂದೆ. ಅಂಬೇಡ್ಕರ್ ಬಂದರು, ಸಾವಿತ್ರಿಬಾಯಿ ಫುಲೆ ಬಂದರು, ಪುಟ್ಟರಾಜ ಗವಾಯಿಗಳು ಬಂದರು. ಬೆಳಕು ಒಂದೇ, ಅದನ್ನು ಹಿಡಿದವರು ಬಹಳ ಮಂದಿ ಎಂದು ಆ ಪಾಲಕರಿಗೆ ಹೇಳಿದೆ. ಅವರು ಪೂರ್ತಿ ಒಪ್ಪಲಿಲ್ಲ, ಮಗಳನ್ನು ಕಳಿಸುವುದನ್ನೂ ನಿಲ್ಲಿಸಲಿಲ್ಲ.

ಗವಾಯಿಗಳ ಹೆಸರು ಮುಂದೆ ಮತ್ತೆ ಕೆಲಸಕ್ಕೆ ಬಂತು. ಗಾಯಗೊಂಡ ಮೆಗ್‌ಳನ್ನು ಆರೈಕೆ ಮಾಡುವ ಜೀವಿಗಳಿಗೆ ಕಣ್ಣಿಲ್ಲ. ಬೆಳಕು ಅಂದರೆ ಏನೆಂದು ಅವರಿಗೆ ತಿಳಿಸಲು ಅವಳು ಒದ್ದಾಡುತ್ತಾಳೆ, ಆಗುವುದಿಲ್ಲ. ವಸ್ತು ಹೇಗೆ ಕಾಣುತ್ತದೋ ಅವರಿಗೆ ಗೊತ್ತಿಲ್ಲ, ಹೇಗಿದೆ ಎಂಬುದು ಗೊತ್ತು. ಇದು ಮಕ್ಕಳಿಗೆ ಬಲು ಕಠಿಣ ಆಗುತ್ತದೆ ಎಂದುಕೊಂಡಿದ್ದೆ. "ಪುಣ್ಯಾಶ್ರಮದಾಗಿನ ಅಣ್ಣಾರ ಗತೆ" ಎಂದು ಹಿಂದಿನ ಸಾಲಿನಿಂದ ಒಂದು ದನಿ ಬಂತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದವರು ಹಾಡುವುದನ್ನು, ಹಾರ್ಮೋನಿಯಂ ನುಡಿಸುವುದನ್ನು ಕೇಳಿ ಬೆಳೆದ ಮಕ್ಕಳಿವು. ಅದಕ್ಕಿಂತ ಹೆಚ್ಚು ವಿವರಣೆ ಬೇಕಾಗಲಿಲ್ಲ.

ನಡುವೆ ಒಂದು ಸಂಜೆ ಮಾತ್ರ ಓದು ಕಟ್ಟಿಹಾಕಿದಂತೆ ನಿಂತಿತು. ಅಪ್ಪ ಸಿಕ್ಕಿದ್ದಾನೆ. ಆದರೆ ಅವನು ಮೆಗ್‌ಳನ್ನು ಎಳೆದುಕೊಂಡು ಪಾರಾಗುವಾಗ ತಮ್ಮ 'ಅದರ' ಹಿಡಿತದಲ್ಲೇ ಉಳಿಯುತ್ತಾನೆ. ನಮ್ಮಲ್ಲಿ ಒಬ್ಬ ಹುಡುಗನ ಅಪ್ಪ ಗೋವಾದಲ್ಲಿ ದುಡಿಯುತ್ತಾರೆ, ಹಬ್ಬಕ್ಕೊಮ್ಮೆ ಬರುತ್ತಾರೆ. "ಅಪ್ಪಾ ಸಿಕ್ಕರ ಎಲ್ಲಾ ಸರಿ ಆಗತೈತಿ ಅಂತ ಹೇಳಿದ್ರಲ್ರೀ" ಅಂದ. ಮೆಗ್‌ಳೂ ಅಪ್ಪನ ಮೇಲೆ ಇದೇ ಸಿಟ್ಟು ಹಾಯಿಸುತ್ತಾಳೆ. ಕೊನೆಗೆ ತಮ್ಮನನ್ನು ಬಿಡಿಸಲು ಅವಳೊಬ್ಬಳೇ ಹೋಗಬೇಕು. ಬಲ, ಬುದ್ಧಿ ಯಾವುದೂ ನಡೆಯದ ಕಡೆ ಅವಳ ಹತ್ತಿರ ಉಳಿದಿರುವುದು ತಮ್ಮನ ಮೇಲಿನ ಪ್ರೀತಿ. 'ಅದರ' ಹತ್ತಿರ ಇಲ್ಲದ್ದು ಅದೊಂದೇ. ಮರುದಿನ ಇದನ್ನು ಓದುವಾಗ ಆ ಹುಡುಗ ಎಲ್ಲರಿಗಿಂತ ಮುಂದೆ ಕೂತಿದ್ದ.

ಮೂರನೇ ಬೇಸಿಗೆ ಇದರ ಮುಂದಿನ ಭಾಗ, 1973ರ 'ಅ ವಿಂಡ್ ಇನ್ ದ ಡೋರ್'. ಚಾರ್ಲ್ಸ್ ವ್ಯಾಲೆಸ್‌ನ ಜೀವಕೋಶಗಳಿಗೆ ಒಳಗಿಂದ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಕ್ಕೆ ರೋಗ. ಸಾಹಸ ನಡೆಯುವುದು ಅವನ ಮೈಯೊಳಗೆ. ಒಂಬತ್ತನೇ ತರಗತಿಗೆ ಹೊರಟಿದ್ದ ಇಬ್ಬರು ಹಲಗೆಯ ಮೇಲೆ ಕೋಶ ಬರೆದು ಸಣ್ಣವರಿಗೆ ಪಾಠ ಮಾಡಿದರು. ನಿಜ ಹೇಳಬೇಕೆಂದರೆ ಕೊನೆಯ ಮೂರನೇ ಒಂದು ಪಾಲು ಭಾರ. ಆಕಾರ ಇಲ್ಲ, ಜಾಗ ಇಲ್ಲ, ಮನಸ್ಸಿನಿಂದ ಮನಸ್ಸಿಗೆ ಮಾತು. ಎಂಟು ವರ್ಷದವರು ಎದ್ದು ಕುಂಟಾಬಿಲ್ಲೆಗೆ ಹೋದರು. ನಾನೂ ಎರಡು ದಿನದಲ್ಲಿ ಸುತ್ತಿ ಮುಗಿಸಿದೆ. ಒಂದೇ ಪುಸ್ತಕಕ್ಕೆ ದುಡ್ಡಿದ್ದರೆ 'ನಿರಿಗಿ'ಯನ್ನೇ ಕೊಳ್ಳಿ. ಎಂಟು ಒಂಬತ್ತರ ಮಕ್ಕಳೇ ಹೆಚ್ಚಿದ್ದರೆ ಲೂಯಿಸ್ ಸಾಕು.

ಆದರೆ ಮನೆಗೆ ಒಯ್ಯುವ ಶಕ್ತಿ ಪೂರ್ತಿಯಾಗಿ ಸಿಕ್ಕಿದ್ದು ಈ ಭಾರದ ಪುಸ್ತಕದಲ್ಲೇ. ಇಲ್ಲಿ ಮೆಗ್‌ಳ ಶಕ್ತಿ ಹೆಸರಿಡುವುದು. ಅವಳ ಜೊತೆಗಾರನಾದ ಕೆರೂಬಿ ಎಂಬ ದೇವದೂತನಿಗೆ, ಮೈ ತುಂಬ ರೆಕ್ಕೆ ಮೈ ತುಂಬ ಕಣ್ಣಿನವನಿಗೆ, ಹಿಂದೆ ವಹಿಸಿದ್ದ ಕೆಲಸ ಎಲ್ಲ ನಕ್ಷತ್ರಗಳ ಹೆಸರು ಬಾಯಿಪಾಠ ಮಾಡುವುದು. ದೇವರು ನಕ್ಷತ್ರಗಳನ್ನು ಎಣಿಸಿ ಹೆಸರಿಟ್ಟು ಕರೆಯುತ್ತಾನೆ ಎನ್ನುವ ಕೀರ್ತನೆ 147 ಅಲ್ಲಿ ಕತೆಯಾಗಿದೆ. ಅವಳ ಮೊದಲ ಪರೀಕ್ಷೆ: ಮೂವರು ಹೆಡ್‌ಮಾಸ್ತರರು ನಿಂತಿದ್ದಾರೆ, ಮೂವರದೂ ಒಂದೇ ಮುಖ. ನಿಜವಾದವನನ್ನು ಗುರುತಿಸಿ ಹೆಸರಿಡಬೇಕು. ಅವಳಿಗೋ ಆ ಹೆಡ್‌ಮಾಸ್ತರ ಅಂದರೆ ಆಗದು. ಆಗ ಗೆಳೆಯ ಒಂದು ಹಳೆಯ ಸಂಗತಿ ಹೇಳುತ್ತಾನೆ. ತಾನು ಹರಿದ ಬೂಟಿನಲ್ಲಿ ಶಾಲೆಗೆ ಬರುತ್ತಿದ್ದಾಗ ಅದೇ ಹೆಡ್‌ಮಾಸ್ತರ ಹೊಸ ಜೋಡು ಕೊಂಡು, ಹುಡುಗನಿಗೆ ನಾಚಿಕೆ ಆಗದಿರಲೆಂದು ಅವನ್ನು ಹಳೆಯದರಂತೆ ಮಾಡಿ ಕೊಟ್ಟಿದ್ದ. ಆ ಬೂಟಿನ ಎಳೆ ಹಿಡಿದು ಮೆಗ್ ಅವನನ್ನು ಕಂಡುಹಿಡಿಯುತ್ತಾಳೆ. ಇಡೀ ಮೂರು ಬೇಸಿಗೆಯಲ್ಲಿ ಮಕ್ಕಳು ಎರಡನೇ ಸಲ ಓದಿಸಿಕೊಂಡದ್ದು ಈ ಒಂದೇ ಪ್ರಸಂಗ.

ಅದಾಗಿ ನಾಲ್ಕೈದು ದಿನ. ನಮಗೆ ಕೊಡ ತುಂಬಿಸಿ ಇಟ್ಟು ಅಂಗಳ ಗುಡಿಸಿ ಹೋಗುವ ಅಜ್ಜಿಯನ್ನು ಎಲ್ಲರೂ ನೀರಿನ ಆಯಿ ಎಂದೇ ಕರೆಯುವುದು, ನಾನೂ ಹಾಗೇ. ಒಂಬತ್ತು ವರ್ಷದ ಹುಡುಗಿ ಎದ್ದು ಹೋಗಿ ಅವರ ಕಿವಿಯ ಹತ್ತಿರ ಏನೋ ಕೇಳಿದಳು, ವಾಪಸು ಬಂದು ಸೀಮೆಸುಣ್ಣ ಹಿಡಿದು ಹಲಗೆಯ ಮೇಲಿನ ಹಾಜರಿ ಪಟ್ಟಿಯಲ್ಲಿ ನನ್ನ ಹೆಸರಿಗಿಂತ ಮೇಲೆ ಒಂದು ಹೆಸರು ಬರೆದಳು. ಹನ್ನೊಂದು ವರ್ಷದಿಂದ ಆ ಕೊಡದ ನೀರು ಕುಡಿಯುತ್ತಿರುವ ನಾನು ಅದನ್ನು ಮೊದಲ ಸಲ ಓದಿದೆ. ಆಯಿಗೆ ಅಕ್ಷರ ಬರುವುದಿಲ್ಲ. ಹುಡುಗಿ ಅವರ ಬೆರಳು ಹಿಡಿದು ಒಂದೊಂದೇ ಅಕ್ಷರದ ಮೇಲೆ ಆಡಿಸಿದಳು.