ಗೇರ್‌ಬಾಕ್ಸ್ ಇಳಿಸೂದ ಬ್ಯಾಡಾಗಿತ್ತು, ಆಯಿಲ್ ಬದ್ಲಿ ಮಾಡಿದ್ದಕ್ಕ ಗಾಡಿ ಹಾದಿಗೆ ಬಂತು

ನಂದು 2019ರ ಎರ್ಟಿಗಾ, ನಾಕ್ ಗೇರಿನ ಆಟೋಮ್ಯಾಟಿಕ್, 72,000 ಕಿಲೋಮೀಟರ್ ಓಡೇತಿ. ಎರಡ್ ತಿಂಗಳಿಂದ ಮುಂಜಾನೆ ಡಿಗೆ (ಮುಂದ ಹೋಗೂ ಡ್ರೈವ್ ಗೇರಿಗೆ) ಹಾಕಿದ್ರ ಒಂದ್ ಗಳಿಗಿ ಸುಮ್ನ ನಿಂತು ಆಮ್ಯಾಲೆ ಧಡ್ ಅಂತ ಹಿಡೀತಿತ್ತು, ಎರಡರಿಂದ ಮೂರನೇ ಗೇರಿಗೆ ಹೋಗೂವಾಗ ಎಂಜಿನ್ ಬರೇ ಒದರೂದು, ಗಾಡಿ ಎಳೀತಿರ್ಲಿಲ್ಲ. ಅಂಕೋಲಾದಿಂದ ವಾಪಸ್ ಬರೂವಾಗ ಅರಬೈಲ್ ಘಾಟಿನ್ಯಾಗ ಜೀವ ಬಾಯಿಗೆ ಬಂದಿತ್ತು, ಹಿಂದ ಅವ್ವ, ಮಕ್ಳು ಕುಂತಿದ್ರು.

ಮೊದ್ಲ ತೋರ್ಸಿದ ಕಡೆ ಡಿಪ್‌ಸ್ಟಿಕ್ (ಆಯಿಲ್ ನೋಡೂ ಕಡ್ಡಿ) ಸೈತ ಜಗ್ಗಿ ನೋಡ್ಲಿಲ್ಲ, ಗೇರ್‌ಬಾಕ್ಸ್ ಇಳಿಸ್ಬೇಕು, ಲಕ್ಷದ ಮ್ಯಾಲ ಆಕ್ಕೈತಿ ಅಂದ್ರು. ಅವತ್ತ ರಾತ್ರಿ ನಿದ್ದಿ ಹತ್ಲಿಲ್ಲ.

ಹುಬ್ಬಳ್ಳಿ ಗೋಕುಲ ರೋಡಿನ ಈ ಗ್ಯಾರೇಜಿನ್ಯಾಗ ಮಿಸ್ತ್ರಿ ಮೊದ್ಲ ಬಾಜೂಕ ಕುಂತು ಏರ್‌ಪೋರ್ಟ್ ತನಕ ನನ್ ಕಡೆನ ಗಾಡಿ ಓಡಿಸಿದ್ರು. ವಾಪಸ್ ಬಂದು ಸ್ಕ್ಯಾನರ್ ಹಚ್ಚಿದ್ರು, ದೋಷ ತೋರ್ಸೂ ಯಾವ ಕೋಡೂ ಇರ್ಲಿಲ್ಲ. ಎಂಜಿನ್ ಚಾಲೂ ಇಟ್ಟು, ಬ್ರೇಕ್ ಒತ್ತಿ ಎಲ್ಲಾ ಗೇರಿಗೂ ಒಂದೊಂದ್ ಸಲ ಹಾಕ್ಸಿ, ಪಿಗೆ (ಪಾರ್ಕಿಂಗಿಗೆ) ತಂದು, ಡಿಪ್‌ಸ್ಟಿಕ್ ಎಳದು ಬಿಳಿ ಅರಬಿಗೆ ಒರಿಸಿದ್ರು. ಕೆಂಪಗ ಇರಬೇಕಾದ ಆಯಿಲ್ ಬಾಳ ಕುದ್ದ ಚಾದಂಗ ಆಗಿತ್ತು. "ಸರ್, ಮೂಸಿ ನೋಡ್ರಿ" ಅಂದ್ರು, ಸುಟ್ಟ ವಾಸನಿ. ಒಮ್ಮೆನೂ ಬದ್ಲಿ ಮಾಡ್ಸಿದ್ದಿಲ್ಲ ನಾ. ಆಟೋಮ್ಯಾಟಿಕ್‌ನ್ಯಾಗ ಆ ಆಯಿಲ್ ಬರೇ ಜಾರಾಕ ಅಲ್ರಿ, ಅದರ ಪ್ರೆಶರ್‌ನಿಂದನ ಒಳಗಿನ ಕ್ಲಚ್ ಹಿಡಿಯೂದು, ಆಯಿಲ್ ಸತ್ವ ಕಳ್ಕೊಂಡ್ರ ಕ್ಲಚ್ ಜಾರ್ತೈತಿ ಅಂತ ತಿಳಿಸಿ ಹೇಳಿದ್ರು.

ಪ್ಯಾನ್ ಬಿಚ್ಚಿ ಮ್ಯಾಗ್ನೆಟ್ ನನ್ ಕೈಯಾಗ ಕೊಟ್ರು. ಕಾಡಿಗಿಯಂಗ ನುಣ್ಣನ್ನ ಮಸಿ ಅಷ್ಟ ಹತ್ತಿತ್ತು, ಲೋಹದ ಚೂರಿದ್ರ ಮಾತ್ರ ಬಿಚ್ಚೂ ಮಾತು ಅಂದ್ರು. ಹೊಸ ಫಿಲ್ಟರ್, ಗ್ಯಾಸ್ಕೆಟ್, ಕಂಪನಿ ಪುಸ್ತಕದಾಗ ಬರ್ದಿರೂ ಗ್ರೇಡಿಂದ ಆಯಿಲ್. ಹೊರಗ ಬಂದದ್ದನ್ನ ಅಳದು ಮೊದ್ಲ ಅಷ್ಟ ಹಾಕಿ, ಬಿಸಿ ಮಾಡಿ ಲೆವೆಲ್ ಕೂಡ್ಸಿದ್ರು. ಮಷಿನ್ ಹಚ್ಚಿ ಫ್ಲಶ್ ಮಾಡ್ರಿ ಅಂದ್ರ ಒಪ್ಪಲಿಲ್ಲ. ಹಿಂಗ ಪ್ಯಾನ್ ಬಿಚ್ಚಿ ಬದ್ಲಿ ಮಾಡಿದ್ರ ಸ್ವಲ್ಪ ಹಳೇ ಆಯಿಲ್ ಟಾರ್ಕ್ ಕನ್ವರ್ಟರ್‌ನ್ಯಾಗ (ಎಂಜಿನ್ ಶಕ್ತಿ ಗೇರ್‌ಬಾಕ್ಸಿಗೆ ದಾಟ್ಸೂ ಭಾಗ) ಉಳ್ದೇ ಉಳೀತೈತಿ, ಸಾವಿರ ಕಿಲೋಮೀಟರ್ ಓಡ್ಸಿ ಇನ್ನೊಮ್ಮೆ ಬರ್ರಿ ಅಂದ್ರು. ಹೋದೆ. ಎರಡೂ ಸಲ ಸೇರಿ 11,000 ರೂಪಾಯಿ ಒಳಗ ಮುಗೀತು.

ಈಗ ಮೂರನೇ ಗೇರ್ ಬಿದ್ದದ್ದ ಗೊತ್ತಾಗಂಗಿಲ್ಲ. ಮುಂಜಾನೆ ಥಂಡಿಯಾಗ ಇನ್ನೂ ಸ್ವಲ್ಪ ತಡಾ ಐತಿ, ಅದು ಪೂರ್ತಿ ಹೋಗೂದು ಗ್ಯಾರಂಟಿ ಇಲ್ಲ ಅಂತ ಅವ್ರು ದುಡ್ಡ ಇಸ್ಕೊಳ್ಳೂಕಿಂತ ಮೊದ್ಲ ಹೇಳಿದ್ರು. ಹ್ವಾದ ವಾರ ಮತ್ತ ಅರಬೈಲ್ ಏರಿದ್ವಿ, ಅವ್ರು ಹೇಳ್ದಂಗ ಓವರ್‌ಡ್ರೈವ್ (ನಾಕನೇ ಗೇರ್) ಆಫ್ ಮಾಡಿ. ಅವ್ವ ನಿದ್ದಿ ಹೊಡ್ಯಾಕತ್ತಿದ್ದಳು.

ಗ್ಯಾರೇಜಿನ್ಯಾಗ ಕುಂದ್ರಾಕ ನೆರಳಿಲ್ಲ, ಫೋನ್ ಬಾಳ ಸಲ ಎತ್ತಂಗಿಲ್ಲ, ಇದನ್ನ ಅವ್ರು ಸರಿ ಮಾಡ್ಬೇಕು. ಮುಂಜಾನೆ ಹತ್ತರ ಒಳಗ ಖುದ್ದ ಹೋಗ್ರಿ.